ಲಹರಿ ಬಂತು

ವಿಜಯ್‌ಕುಮಾರ್ ಹೊಟ್ಟೆಪಾಡಿಗೆ ಮಾಡುವ ಕೆಲಸ ಏನೆಂದು ಕೇಳಿದರೆ ನಗಬೇಡಿ. ಶಾಲಾ ಮಕ್ಕಳಿಗಾಗಿ ಸಿದ್ಧವಾಗುತ್ತಿರುವ ನಿಘಂಟಿನಲ್ಲಿ ಪದಗಳ ಪಕ್ಕ ಪುಂ., ಸ್ತ್ರೀ., ನ. ಎಂದು ಹಾಕುವುದು. ಗಂಡು, ಹೆಣ್ಣು, ಎರಡೂ ಅಲ್ಲದ್ದು. ಅರಸ ಪುಂ., ಅರಸಿ ಸ್ತ್ರೀ., ಅರಮನೆ ನ. ಈ ಚಾಳಿಯನ್ನು ಆಫೀಸಿನಲ್ಲೇ ಬಿಟ್ಟು ಬಂದಿದ್ದರೆ ಕುಂಬಾರಕೊಪ್ಪಲಿನ ಅವನ ಮನೆ ನೆಮ್ಮದಿಯಾಗಿರುತ್ತಿತ್ತು.

ಅವನ ತಾಯಿ ಸುಂದರಮ್ಮ ಇಲವಾಲದ ಕಡೆಯವರು. ಅಲ್ಲಿಯ ರೂಢಿಯಂತೆ ಮುದ್ದಿನ ಹೆಣ್ಣುಮಗಳನ್ನು 'ಅದು' ಎನ್ನುವವರು. ಮೊಮ್ಮಗಳು ಲಹರಿ ಕಾಲೇಜು ಸೇರಿದ ಮೇಲೂ ಅಷ್ಟೇ. "ಲಹರಿ ಬಂತು. ಪಾಪ, ಹಸ್ಕೊಂಡು ಬಂದದೆ."

ಒಂದು ದಿನ ಮನೆಗೆ ಬಂದಿದ್ದ ನಿಘಂಟಿನ ಸಂಪಾದಕರ ಎದುರೇ ಈ ಮಾತು ಬಂತು. ಸಂಪಾದಕರು ಮುಸಿಮುಸಿ ನಕ್ಕರು. ವಿಜಯ್‌ಕುಮಾರ್‌ಗೆ ಮೈಯೆಲ್ಲ ಉರಿಯಿತು.

"ಅವ್ವ, ಲಹರಿ ಸ್ತ್ರೀಲಿಂಗ. 'ಬಂದಳು' ಅನ್ಬೇಕು. ಅದು ಅನ್ನೋಕೆ ಅವಳೇನು ದನವಾ?"

ಸುಂದರಮ್ಮನ ಮುಖ ಸಪ್ಪಗಾಯಿತು. "ನಂಗೇನ್ ಗೊತ್ತು ಕಣಪ್ಪ. ಆಯ್ತು ಬುಡು."

ಅಂದಿನಿಂದ ಮೊಮ್ಮಗಳ ಸುದ್ದಿ ಎತ್ತಿದರೆ ಸಾಕು, ಅವರು ತಡವರಿಸುವರು. 'ಲಹರಿ ಬಂ...' ಎಂದು ನಿಲ್ಲಿಸಿ, ಮಗನ ಕಡೆ ನೋಡಿ, 'ಬಂದಳು' ಎನ್ನುವರು. ಬರಬರುತ್ತಾ ಮಾತೇ ಕಡಿಮೆಯಾಯಿತು. ಕೊನೆಗೆ ಲಹರಿ ಕೇಳಿಯೇಬಿಟ್ಟಳು. "ಅಪ್ಪ, ಅಜ್ಜಿಗೆ ನನ್ ಮೇಲೆ ಕೋಪಾನಾ? ಪಾಠ ಒಪ್ಪಿಸೋ ಥರ ಮಾತಾಡ್ತಾರೆ."

ಮರುದಿನ ಕರಡು ತಿದ್ದುವಾಗ 'ಮಗು' ಎಂಬ ಪದ ಎದುರಾಯಿತು. ಪಕ್ಕದಲ್ಲಿ ಅವನೇ ಹಾಕಿದ್ದ 'ನ.' ಇತ್ತು. ಹೆಣ್ಣಾಗಲಿ ಗಂಡಾಗಲಿ, ಮಗು ಬಂತು. ಮಗು ಬಂದಳು ಎಂದು ಯಾರಾದರೂ ಅಂದದ್ದುಂಟೇ? ಅವ್ವನಿಗೆ ಲಹರಿ ಇನ್ನೂ ಮಗುವಾಗಿಯೇ ಇದ್ದಳು. ಇಷ್ಟೂ ಹೊಳೆಯದ ತಾನು ಯಾವ ಸೀಮೆಯ ನಿಘಂಟಿನವನು ಎಂದು ಅವನಿಗೆ ತನ್ನ ಮೇಲೇ ಹೇಸಿಗೆಯಾಯಿತು.

ಹೇಗಾದರೂ ಆ ಹಳೆಯ ಮಾತನ್ನು ಅವ್ವನ ಬಾಯಿಗೆ ಮರಳಿ ತರಿಸಬೇಕು ಎಂದುಕೊಂಡ. ಸಂಜೆ ಲಹರಿ ಗೇಟು ತೆಗೆದದ್ದೇ ತಡ, ಒಳಗೆ ಕೂಗಿದ. "ಅವ್ವ, ನಮ್ ಲಹರಿ ಬಂತು ಕಣವ್ವ. ಹಸ್ಕೊಂಡದೆ, ಏನಾರ ಕೊಡು ಅದ್ಕೆ."

ಸುಂದರಮ್ಮ ಗಾಬರಿಯಿಂದ ಅಡುಗೆಮನೆಯಿಂದ ಬಂದರು. "ಅಂಗನ್ಬ್ಯಾಡ ಕಣಪ್ಪ. ಓದೋ ಹುಡ್ಗಿ, ಬೇಜಾರ್ ಮಾಡ್ಕತ್ತಾಳೆ. ಬಂದಳು ಅನ್ನು."

"ತಪ್ಪು ನಂದೇ ಕಣವ್ವ. ನೀನು ಅಂತಿದ್ದದ್ದೇ ಸರಿ."

ಅವರು ನಂಬಲಿಲ್ಲ. ತಮಗೆ ನೋವಾಗದಿರಲೆಂದು ಮಗ ಹಾಗನ್ನುತ್ತಿದ್ದಾನೆ ಎಂದುಕೊಂಡರು. ಉಪ್ಪಿಟ್ಟಿನ ತಟ್ಟೆಯನ್ನು ಮೊಮ್ಮಗಳ ಮುಂದಿಟ್ಟು, ಏನನ್ನಬೇಕೆಂದು ಒಂದು ಗಳಿಗೆ ಯೋಚಿಸಿ, ನೆಂಟರಿಗೆ ಹೇಳುವ ಹಾಗೆ, "ತಿನ್ನಿ" ಎಂದರು.