ಬಂತು, ಹೋತು

ಅಕ್ಕನಾಗಮ್ಮ ತೀರಿಕೊಂಡ ಗಂಡನ ಹಣೆಗೆ ವಿಭೂತಿ ಬಳಿಯುತ್ತಿದ್ದಳು. ಕಂಪ್ಲಿಯ ಅಕ್ಕಿ ಗಿರಣಿಯ ಒಡೆಯ ಕೊಟ್ರಯ್ಯ ಪೂಜೆಗೆ ಕೂತವನಂತೆ ಪಡಸಾಲೆಯ ಗೋಡೆಗೊರಗಿ ಕೂತಿದ್ದ. ಗಿರಣಿಯ ಆಳು ಗುಡ್ಡಪ್ಪ ಅಳುತ್ತಲೇ ಜನರನ್ನು ನಗಿಸುತ್ತಿದ್ದ.

“ಸಾವ್ಕಾರ್ರು ಕುಂತಲ್ಲೇ ‘ಬಂತು’ ಅಂತಿದ್ರು. ಕರೆಂಟ್ ಬಂತಂತ ನಾನು ಮಷಿನ್ ಹಾಕಾಕ ಓಡ್ತಿದ್ದೆ. ಎಲ್ಲಿ ಕರೆಂಟು? ಸ್ವಲ್ಪ ಹೊತ್ತಿಗೆ ‘ಹೋತು’ ಅಂತಿದ್ರು. ಬರದೇ ಇದ್ದದ್ದು ಹೋಗೋದು ಹೆಂಗ್ರಿ?”

ಅಕ್ಕನಾಗಮ್ಮ ತಲೆ ತಗ್ಗಿಸಿದಳು.

ಅಷ್ಟರಲ್ಲಿ ನಡುವಯಸ್ಸಿನ ಹೆಂಗಸೊಬ್ಬರು ಹೂಮಾಲೆ ಹಿಡಿದು ಬಾಗಿಲಲ್ಲಿ ನಿಂತರು. ಕೊಟ್ರಯ್ಯನ ತಮ್ಮ ವಿರುಪಾಕ್ಷಪ್ಪ ಎದ್ದೇಬಿಟ್ಟ.

“ಇಕೀನ! ಹೊಸಪೇಟ್ಯಾಗ ಅಣ್ಣ ಇಕಿ ಮೆಟ್ಲ ಹತ್ತೋದು ಎಷ್ಟು ಸಲ ನೋಡೀನಿ. ಹೆಣದ ಮುಂದನೂ ಬಂದ್ಲಲ್ಲ, ನಾಚಿಕಿ ಬ್ಯಾಡೇನು?”

ಬಾಗಿಲಲ್ಲಿ ನಿಂತ ಶಾಂಭವಿ ಮೇಡಂ ನಿಜ ಹೇಳಲಾರರು, ತಮ್ಮ ಬಳಿ ಬಂದವರ ಗುಟ್ಟು ಸತ್ತ ಮೇಲೂ ಬಿಡಲಾರರು ಎಂಬುದು ಅಕ್ಕನಾಗಮ್ಮನಿಗೆ ಗೊತ್ತು. ತಾನು ಹೇಳಿದರೆ ಗಂಡನ ಮರ್ಯಾದೆ ಹೋಗುತ್ತದೆ. ಹೇಳದಿದ್ದರೆ ಇವರದು.

* * *

ಹನ್ನೊಂದು ವರ್ಷದ ಹಿಂದೆ ಕೊಟ್ರಯ್ಯ ಲಾಡ್ಜಿನ ಹೆಂಗಸರು, ಫೋನಿನ ಹೊಲಸು ಚಿತ್ರ ಅಂತ ಹಾಳಾಗಿ, ಇಷ್ಟಲಿಂಗ ಮುಟ್ಟಿ ಆಣೆ ಮಾಡಿ, ಮತ್ತೆ ಹೋಗಿ, ಕೊನೆಗೆ ಅಕ್ಕನಾಗಮ್ಮ ಸಿಟ್ಟಾಗಿ ಹೋಗಿದ್ದ ತವರು ಸಂಡೂರಿಗೆ ಬಂದು ಕಟ್ಟೆಯ ಮೇಲೆ ಕೂತು ಅತ್ತಿದ್ದ. ಹೊಸಪೇಟೆಯ ಆಪ್ತಸಮಾಲೋಚಕಿ ಶಾಂಭವಿಯವರ ಹತ್ತಿರ ಆಕೆಯೇ ಕರೆದೊಯ್ದಳು.

“ಆಣಿ ಬ್ಯಾಡ್ರಿ,” ಎಂದಿದ್ದರು ಅವರು. “ಚಪಲ ಎದ್ದಾಗ ಮುಚ್ಚಿಡಬ್ಯಾಡ್ರಿ. ‘ಬಂತು’ ಅನ್ರಿ, ಕುಂದ್ರಿ. ಅದು ಏರತೈತಿ, ಇಳಿತೈತಿ. ಯಾವ ನೋವಿನ ಬೆನ್ನತ್ತಿ ಬರತೈತಿ ಅನ್ನೋದನ್ನ ವಾರವಾರ ನೋಡೋಣ.”

ಮೊದಲ ಸಲ ಭತ್ತದ ಚೀಲದ ಮೇಲೆ ಕೂತು ಗಡಗಡ ನಡುಗಿದ. ಆಕೆ ಎದುರಿಗೆ ಕೂತಳು. ಅರ್ಧ ತಾಸಿಗೆ “ಹೋತು, ನಾಗೀ,” ಎಂದ. ತುಂಬಿದ ಹೊಳೆ ಈಸಿ ಬಂದವನ ಮುಖ. ಎರಡು ಸಲ ಜಾರಿದ. ಅದನ್ನೂ ತಾನೇ ಬಂದು ಹೇಳಿದ. ಮನುಷ್ಯನೊಬ್ಬ ತನ್ನ ಜೊತೆ ತಾನೇ ಇಷ್ಟು ದೊಡ್ಡ ಕುಸ್ತಿ ಹಿಡಿಯುವುದನ್ನು ಆಕೆ ಬೇರೆಲ್ಲೂ ಕಂಡಿರಲಿಲ್ಲ.

* * *

“ಲೇ ವಿರುಪಾಕ್ಷೀ, ಕುಂದ್ರು,” ಎಂದಳು ಅಕ್ಕನಾಗಮ್ಮ. “ನಿಮ್ಮಣ್ಣಗ ಹೆಣ್ಣಿನ ಚಟ ಇತ್ತು. ಬಿಟ್ಟೋರು ಅವರೇ. ಹೆಂಗ ಬಿಡಬೇಕಂತ ಕಲಿಸಿದೋರು ಈ ಮೇಡಂ. ಮೆಟ್ಲ ಹತ್ತಿದ್ದು ನೋಡೀದಿ, ಕೆಳಗ ಚಪ್ಲಿ ಕಾಯ್ಕೊಂತ ಕುಂತಿದ್ದ ನನ್ನ ನೋಡಲಿಲ್ಲೇನು?”

ಗುಡ್ಡಪ್ಪನ ಬಾಯಿ ತೆರೆದೇ ಇತ್ತು.

“ಯಪ್ಪಾ… ಬರ್ತಿದ್ದುದು ಅದೇನ್ರಿ?” ಎಂದು ಒಡೆಯನ ಮುಂದೆ ಉದ್ದಕ್ಕೆ ಅಡ್ಡಬಿದ್ದ.

ಶಾಂಭವಿ ಮಾಲೆ ಹಾಕಿ, ಕೈಮುಗಿದು ಹೊರಟರು. ಕಿಟಕಿಯಾಚೆ ಅವರ ಹಿಂದೆಯೇ ಹೋದ ವಿರುಪಾಕ್ಷಪ್ಪ ಅಕ್ಕನಾಗಮ್ಮನಿಗೆ ಕಂಡ. ಟವೆಲಿನಿಂದ ಬಾಯಿ ಮುಚ್ಚಿಕೊಂಡಿದ್ದ.

“ಮೇಡಂರೀ, ಯಾವ ಯಾವ ದಿನ ಇರ್ತೀರಿ?”

ತಲೆ ಎತ್ತದೆ ತನ್ನ ಫೋನು ಚಾಚಿದ. ಶಾಂಭವಿ ಕಾಲಿಗೆ ಅರ್ಧ ಸಿಕ್ಕಿಸಿದ ಚಪ್ಪಲಿಯಲ್ಲೇ ನಿಂತು, ತಮ್ಮ ನಂಬರಿನ ಒಂದೊಂದೇ ಅಂಕಿ ಒತ್ತತೊಡಗಿದರು.