ಹಮ್ಮನ ಪಥ್ಯ

ಚಟ್ಟದ ಬಿದಿರಿಗೆ ಹಗ್ಗ ಬಿಗಿಯುತ್ತಿದ್ದ ಹಮ್ಮನ ಗಟ್ಟಿ ತೋಳುಗಳನ್ನು ಅಂಗಳದ ಹೆಂಗಸರೆಲ್ಲ ನೋಡುತ್ತಿದ್ದರು. ಮೂರು ವರ್ಷದ ಹಿಂದೆ, ಎರಡು ಸಾವಿರದ ಇಸವಿಯಲ್ಲಿ, ಅವನ ಕರುಳಿನಲ್ಲೂ ಕ್ಯಾನ್ಸರ್ ಗಡ್ಡೆ ಆಗಿತ್ತು. ಆಸ್ಪತ್ರೆಯಲ್ಲಿ ಕೊಯ್ಸಿಕೊಂಡು ಬಂದವನು ಈಗ ಹಳದೀಪುರದ ಗದ್ದೆಯಲ್ಲಿ ನೇಗಿಲು ಹೂಡುತ್ತಾನೆ. ಈ ಮನೆಯ ಬೀರ ಮಾತ್ರ ನಲವತ್ತೈದಕ್ಕೇ ಚಾಪೆಯ ಮೇಲೆ ಹೆಣವಾಗಿ ಮಲಗಿದ್ದ, ದವಡೆಗೆ ಬಟ್ಟೆ ಕಟ್ಟಿಸಿಕೊಂಡು.

“ಇಬ್ರದೂ ಒಂದೇ ಕಾಯ್ಲೆ. ಇಂವ ಎಂತಕೆ ಸತ್ತ?” ನೆರೆಮನೆಯ ಸಣ್ಣಿ ಯಾರನ್ನೂ ನೋಡದೆ ಕೇಳಿದಳು. ಕೇಳಿಸಬೇಕಾದದ್ದು ಬೀರನ ಹೆಂಡತಿ ಲಕ್ಕಿಗೆ. “ಪಥ್ಯ ತಪ್ಪಿರ್ಬೇಕು.”

“ಒಂದ್ ದಿನೂ ತಪ್ಪಸ್ಲಿಲ್ಲ,” ಲಕ್ಕಿ ಹೇಳಿದಳು. “ಹಮ್ಮಣ್ಣ ಹೇಳ್ದಂಗೇ ಮಾಡ್ದೆ.”

*

ಚೌತಿಯ ಮರುವಾರ ಬೀರನ ತಮ್ಮ ತಿಮ್ಮಪ್ಪ ದೊಡ್ಡಾಸ್ಪತ್ರೆಯಿಂದ ರಿಪೋರ್ಟ್ ತಂದಿದ್ದ. “ಹಮ್ಮಣ್ಣಂದೇ ಕಾಯ್ಲೆ ಅತ್ಗೆ. ಕೊಯ್ಯೂದೂ ಬೇಡ, ಗುಳಿಗೆ ಸಾಕು ಅಂದ್ರು.”

ಲಕ್ಕಿ ಅಂದೇ ಹಮ್ಮನ ಮನೆಗೆ ಓಡಿದಳು. ಸಾವಿನ ಬಾಯಿಂದ ಬಂದವನಿಗೆ ಜಂಬ ಕೇಳಬೇಕೆ? ಮೀನು ಕೂಡದು, ಖಾರ ಕೂಡದು, ಹುಳಿ ಕೂಡದು ಎಂದು ಬೆರಳು ಮಡಚಿ ಹೇಳಿಕೊಟ್ಟ.

ಐದು ತಿಂಗಳು ಸಪ್ಪೆ ಗಂಜಿ. ಮೀನಿಲ್ಲದೆ ಅನ್ನ ಮುಟ್ಟದ ಬೀರ ಮಗುವಿನ ಹಾಗೆ ಬೇಡಿದ. ಹೋದ ವಾರ ತೆವಳಿಕೊಂಡು ಹೋಗಿ, ಮಕ್ಕಳಿಗೆಂದು ಸುಟ್ಟಿಟ್ಟಿದ್ದ ಒಣಬಂಗಡೆಯ ಚೂರನ್ನು ಬಾಯಿಗೆ ಹಾಕಿಕೊಂಡಿದ್ದ. ಲಕ್ಕಿ ದವಡೆ ಹಿಡಿದು ಬಿಡಿಸಿ, ತೋರುಬೆರಳಿನಿಂದ ಅದನ್ನು ತೋಡಿ ತೆಗೆದಳು. ಕೆನ್ನೆಗೂ ಒಂದು ಬಾರಿಸಿದಳು.

“ಬದ್ಕೂ ಆಸೆ ಇಲ್ವಾ ನಿಂಗೆ?”

ಬೀರ ಅತ್ತ. ಬಾಗಿಲಲ್ಲಿ ನಿಂತಿದ್ದ ತಿಮ್ಮಪ್ಪ ಎಲ್ಲ ನೋಡಿದ. ತಿರುಗಿ ಹೊರಗೆ ಹೋದ.

*

“ಪಥ್ಯ ಮಾಡಿದ್ರೆ ಸಾಯ್ತಿದ್ನಾ?” ಅಂಗಳದಲ್ಲಿ ಸಣ್ಣಿ ಇನ್ನೂ ಬಿಡಲಿಲ್ಲ.

“ಸಾಕು, ಸುಮ್ನಿರೇ,” ತಿಮ್ಮಪ್ಪ ಕೂಗಿದ. “ಅತ್ಗೆದು ತಪ್ಪಿಲ್ಲ. ಜಾಗ ಒಂದೇ ಆದ್ರೂ ಗಡ್ಡೆ ಜಾತಿ ಬೇರೆ ಅಂದಿದ್ರು ಡಾಕ್ಟ್ರು. ಹಮ್ಮಣ್ಣಂದು ನಿಧಾನ ಬೆಳೂದು, ಕೊಯ್ದ್ರೆ ಹೋಗ್ತದೆ. ಅಣ್ಣಂದು ಉಂಗುರದಂಥ ಕಣದ್ದು, ಆಗ್ಲೇ ಹೊಟ್ಟೆ ತುಂಬ ಹರಡಿತ್ತು. ಕೊಯ್ದು ಉಪಯೋಗ ಇಲ್ಲ, ಗುಳಿಗೆ ನೋವಿಗೆ ಮಾತ್ರ, ಆರು ತಿಂಗ್ಳು ಅಂದ್ರು. ನಂಗೆ ಹೇಳೂಕೆ ಬಾಯಿ ಬರ್ಲಿಲ್ಲ.”

“ಪಥ್ಯ?” ಲಕ್ಕಿ ಕೇಳಿದಳು.

“ಎಂತದೂ ಹೇಳ್ಲಿಲ್ಲ. ಆಸೆ ಆದದ್ದು ತಿನ್ಲಿ ಅಂದ್ರು.”

ಹಮ್ಮ ಹಗ್ಗದಿಂದ ತಲೆ ಎತ್ತಲಿಲ್ಲ. “ನಂಗೂ ಹೊಲಿಗೆ ಒಣಗೂ ತನ್ಕ ಮಾತ್ರ ಪಥ್ಯ ಇತ್ತು,” ಎಂದ.

ಲಕ್ಕಿ ಒಳಗೆ ಹೋದಳು. ಸಾವಿನ ಮನೆಯಲ್ಲಿ ಒಲೆ ಹಚ್ಚುವಂತಿಲ್ಲ. ಒಂದು ಒಣಬಂಗಡೆ ತಂದು, ಹೆಣ ಮೀಯಿಸಲು ನೀರು ಕಾಯಿಸಿದ್ದ ಅಂಗಳದ ಬೆಂಕಿಯಲ್ಲೇ ಸುಟ್ಟಳು. ಸಣ್ಣಿ ಸೆರಗನ್ನು ಮೂಗಿಗೆ ಹಿಡಿದಳು. ತಡೆಯಲು ಯಾರಿಗೂ ಧೈರ್ಯ ಬರಲಿಲ್ಲ.

ಲಕ್ಕಿ ದವಡೆಯ ಗಂಟು ಬಿಚ್ಚಿದಳು. ಮುಳ್ಳು ತೆಗೆದು, ಚೂರನ್ನು ಅದೇ ತೋರುಬೆರಳಿನಿಂದ ತುಟಿಯೊಳಗೆ ತಳ್ಳಿದಳು. ಹಲ್ಲು ಬಿಗಿದಿದ್ದವು.

“ತಿನ್ನು ಮಾರಾಯ,” ಅಂದಳು. “ಈಗ ತಿನ್ನು.”

ಚೂರು ಗಲ್ಲದ ಮೇಲಿಂದ ಜಾರಿ ಚಾಪೆಗೆ ಬಿತ್ತು. ಲಕ್ಕಿ ಅದನ್ನು ಹೆಕ್ಕಿ, ಸೆರಗಿನಲ್ಲಿ ಒರೆಸಿ, ಮತ್ತೆ ತಳ್ಳಿದಳು.