ಕಷ್ಟ ಬಂದರೆ ಯಾರ ಬಾಗಿಲು

ನಮ್ಮ ಪ್ರಶ್ನೆ ಒಂದೇ ಇತ್ತು: ಕಷ್ಟ ಬಂದರೆ ನೀವು ಯಾರ ಬಾಗಿಲು ತಟ್ಟುತ್ತೀರಿ? ಯಾರಿಗೆ ಮತ ಹಾಕುತ್ತೀರಿ ಎಂದು ಕೇಳಿದರೆ ಜನ ಸುಳ್ಳು ಹೇಳುತ್ತಾರೆ ಎಂಬುದು ವಾರ್ಡ್ ಸಮಿತಿಯ ಹಿರಿಯರಾದ ಪ್ರಿಂಟಿಂಗ್ ಪ್ರೆಸ್ಸಿನವರ ಅನುಭವ. ಮೂವತ್ತು ವರ್ಷ ಎಲ್ಲ ಅಭ್ಯರ್ಥಿಗಳ ಕರಪತ್ರಗಳನ್ನೂ ಅವರೇ ಅಚ್ಚು ಹಾಕಿದ್ದರು. ಈ ಸಲ ಅವರಿಗೆ ಸಾಕಾಗಿತ್ತು. ಉದ್ಘಾಟನೆಗಳಲ್ಲಿ ಮಾತ್ರ ಕಾಣಿಸುವ ಹಾಲಿ ಕೌನ್ಸಿಲ್ ಸದಸ್ಯನಿಗೆ ವಾರ್ಡಿನವರು ರಿಬ್ಬನ್ ಎಂದು ಹೆಸರಿಟ್ಟಿದ್ದರು. ಅವನು ಎರಡು ಸಲ ಅವಿರೋಧವಾಗಿ ಗೆದ್ದಿದ್ದ. ನಾಮಪತ್ರ ಸಲ್ಲಿಸಲು ಕೊನೆಯ ಗಡುವು ಮಂಗಳವಾರ ಮಧ್ಯಾಹ್ನ ಮೂರು ಗಂಟೆ. ಅಷ್ಟರೊಳಗೆ ಒಬ್ಬ ಒಳ್ಳೆಯ ಅಭ್ಯರ್ಥಿ ಸಿಗದಿದ್ದರೆ ಮೂರನೆಯ ಸಲವೂ ಅವನೇ.

ನಾನು ಏಳು ಕಟ್ಟಡ ಹತ್ತಿ ಇಳಿದೆ. ನೂರ ಹನ್ನೆರಡು ಬಾಗಿಲು. ಅವುಗಳಲ್ಲಿ ಅರವತ್ತನಾಲ್ಕು ಮನೆಯವರು ಹೇಳಿದ್ದು ಒಬ್ಬರನ್ನೇ: ಲಿಫ್ಟ್ ರಿಪೇರಿಯವರು.

ಅದು ನನ್ನ ಅಪ್ಪ.

"ರಿಟೈರ್ ಆಗಿ ಎರಡು ವರ್ಷ ಆಯ್ತು, ಈಗಲೂ ಕರೆದ್ರೆ ಬರ್ತಾರೆ," ಎಂದಳು ಐದನೆಯ ಮಹಡಿಯ ಬಟ್ಟೆ ಹೊಲಿಯುವ ಆಂಟಿ. "ಹೋದ ತಿಂಗಳು ಒಂದು ಗಂಟೆ ಲಿಫ್ಟಲ್ಲಿ ಸಿಕ್ಕಿಹಾಕ್ಕೊಂಡಿದ್ದೆ. ಆಚೆ ಕಡೆ ಕೂತು, ಹೆದರಬೇಡಿ, ಆಗುತ್ತೆ ಅಂತ ಶುರು ಮಾಡಿದ್ರು ನೋಡು. ಮಗಳ ಸ್ಕೂಲು, ನನ್ನ ಮೈದುನನ ತಕರಾರು, ಎಲ್ಲ ಕೇಳಿ ದಾರಿ ಹೇಳಿದ್ರು. ನಗಿಸಿ ನಗಿಸಿ ಹೊಟ್ಟೆ ಹುಣ್ಣಾಯ್ತು. ಮನೇಲಿ ನಿನಗೆ ನಗೋದೇ ಕೆಲಸ ಇರಬೇಕು."

ಮನೆಯಲ್ಲಿ ಅಪ್ಪ ದಿನಕ್ಕೆ ಹತ್ತು ಮಾತಾಡಿದರೆ ಹೆಚ್ಚು. ತಟ್ಟೆ ನೋಡುತ್ತ ಉಣ್ಣುತ್ತಾನೆ, ಗೋಡೆ ನೋಡುತ್ತ ಟೀ ಕುಡಿಯುತ್ತಾನೆ. ಅಮ್ಮ ಇದ್ದಾಗಲೂ ಹೀಗೇ. ಅಮ್ಮ ಹೋದ ಮೇಲೆ ಅದನ್ನು ಗಮನಿಸುವವರು ಒಬ್ಬರು ಕಡಿಮೆಯಾದರು, ಅಷ್ಟೇ. ನನಗೆ ಅಚ್ಚರಿಯಾಗಬೇಕಿತ್ತು. ಆಗಲಿಲ್ಲ. ಅರವತ್ತನಾಲ್ಕರ ಸುತ್ತ ಪೆನ್ನಿನಲ್ಲಿ ಗೆರೆ ಎಳೆದು ಪ್ರೆಸ್ಸಿಗೆ ಹೋದೆ.

"ಅಂಗೈಯಲ್ಲಿ ಬೆಣ್ಣೆ ಇಟ್ಕೊಂಡು ಊರೆಲ್ಲ ತುಪ್ಪಕ್ಕೆ ಅಲೆದ್ಯಲ್ಲ ತಾಯಿ," ಎಂದರು ಪ್ರೆಸ್ಸಿನವರು.

"ಬೆಣ್ಣೆ ಮಾತಾಡಲ್ಲ ಅಂಕಲ್."

"ಮಾತಾಡೋರನ್ನ ಎರಡು ಸಲ ನೋಡಿ ಆಯ್ತಲ್ಲ. ಒಪ್ಪಿಸು ಹೋಗು. ಮಗಳ ಮಾತು ಮೀರ್ತಾರಾ?"

ಸೋಮವಾರ ರಾತ್ರಿ ಊಟದ ಮೇಜಿನ ಬಳಿ ಮೂರು ಸಲ ಕೇಳಿದೆ. ಅಪ್ಪ ಎದ್ದು ತಟ್ಟೆ ತೊಳೆದ. ಆಮೇಲೆ ನನ್ನದನ್ನೂ ತೊಳೆದ. ನಾನು ನನ್ನ ರೂಮಿಗೆ ಹೋಗಿ ಬಾಗಿಲು ಹಾಕಿಕೊಂಡು ಅದಕ್ಕೇ ಒರಗಿ ನೆಲದ ಮೇಲೆ ಕುಳಿತೆ.

"ಅಪ್ಪ, ನಾಳೆ ಮೂರು ಗಂಟೆ ಒಳಗೆ ಆಗಬೇಕು," ಎಂದೆ.

ಸ್ವಲ್ಪ ಹೊತ್ತಿನ ಮೇಲೆ ಆಚೆ ಕಡೆ ಮಂಡಿ ಲಟಕ್ಕೆಂದಿತು. ಕುಳಿತ.

"ಬೇರೆ ಯಾರೂ ಸಿಗಲಿಲ್ವಾ?" ಹಗುರಾದ ದನಿ. ನಾನು ಕೇಳಿರದ ದನಿ.

"ಇಲ್ಲ."

"ಇಷ್ಟು ದೊಡ್ಡ ವಾರ್ಡಲ್ಲಿ? ನಾಯಿಗಳೇ ಐವತ್ತಿವೆ."

"ಅವು ಬೊಗಳ್ತವೆ. ರಿಬ್ಬನ್ನೂ ಅದೇ ಮಾಡೋದು."

ಆಚೆ ನಗು ಕೇಳಿಸಿತು. "ನಾನು ನಿಲ್ಲದಿದ್ರೆ ನಿನ್ನನ್ನ ಬೈತಾರಾ?"

"ಬೈಯಲ್ಲ. ಸುಮ್ಮನಾಗ್ತಾರೆ."

"ಅದು ಇನ್ನೂ ಕಷ್ಟ." ಅವನು ಸರಿದು ಕುಳಿತ ಸದ್ದಾಯಿತು. "ನೋಡು ಮಗಳೇ, ಒಳಗೆ ಸಿಕ್ಕಿಕೊಂಡವರಿಗೆ ನನ್ನ ಮುಖ ಕಾಣಲ್ಲ, ನನಗೆ ಅವರದ್ದು ಕಾಣಲ್ಲ. ಅದಕ್ಕೆ ಮಾತು ಬರುತ್ತೆ. ಬಾಗಿಲು ತೆಗೆದ ತಕ್ಷಣ ಬ್ಯಾಗ್ ಎತ್ತಿಕೊಂಡು ಇಳಿದು ಹೋಗ್ತೀನಿ. ಕೌನ್ಸಿಲ್ ಅಂದ್ರೆ ಎದುರುಬದುರು ಕೂರಬೇಕು."

"ಕಲೀಬಹುದು."

"ನಿನ್ನ ಎದುರಿಗೆ ಕಲ್ತಿದ್ದೀನಾ? ಇಪ್ಪತ್ತಾರು ವರ್ಷ ಆಯ್ತು."

ಇದನ್ನು ಕೇಳಿ ಏನಾದರೂ ಅನ್ನಿಸಬೇಕಿತ್ತು. ನಾನು ಬಾಗಿಲ ಕೆಳಗಿನ ಸಂದಿಯಲ್ಲಿ ಕಾಣುತ್ತಿದ್ದ ಅವನ ಹೆಬ್ಬೆರಳು ನೋಡುತ್ತಿದ್ದೆ. ಉಗುರು ಕಪ್ಪಾಗಿತ್ತು.

"ಅರವತ್ತನಾಲ್ಕು ಮನೆ, ಅಪ್ಪ," ಎಂದೆ.

ಸಂದಿಯಲ್ಲಿದ್ದ ಹೆಬ್ಬೆರಳು ಹಿಂದೆ ಸರಿಯಿತು. ಆಮೇಲೆ, "ಹೆದರಬೇಡ, ಆಗುತ್ತೆ," ಎಂದ. ಲಿಫ್ಟಿನಲ್ಲಿ ಸಿಕ್ಕಿಕೊಂಡ ಎಲ್ಲರಿಗೂ ಹೇಳುವ ಮಾತು ಅದು ಎಂದು ನನಗೆ ಗೊತ್ತಿತ್ತು. ಆದರೂ ಒಪ್ಪಿಗೆ ಎಂದೇ ತೆಗೆದುಕೊಂಡೆ.

ಮಂಗಳವಾರ ಎರಡೂವರೆಗೆ ಚುನಾವಣಾಧಿಕಾರಿಯ ಕೋಣೆಯಲ್ಲಿದ್ದೆವು. ಹತ್ತು ಸೂಚಕರ ಸಹಿ, ಮತದಾರರ ಪಟ್ಟಿಯ ನಕಲು, ಎರಡು ಫೋಟೋ ಎಲ್ಲ ಸರಿಯಿತ್ತು. ಅಧಿಕಾರಿ ಹೆಂಗಸು ಒಂದು ಹಾಳೆ ಮುಂದಿಟ್ಟು, "ಪ್ರಮಾಣವಚನ. ಜೋರಾಗಿ ಓದಿ," ಎಂದು ಅಪ್ಪನ ಮುಖ ನೋಡಿದಳು.

ಅಪ್ಪ ಬಾಯಿ ತೆರೆದ. ಮುಚ್ಚಿದ. ಗಡಿಯಾರ ಎರಡೂ ನಲವತ್ತು ತೋರಿಸುತ್ತಿತ್ತು. ಎರಡೂ ನಲವತ್ತೈದಾಯಿತು.

"ಅಭ್ಯರ್ಥಿಗೆ ಯಾರಾದ್ರೂ ನೀರು ಕೊಡ್ರಪ್ಪ," ಎಂದ ಹಿಂದೆ ನಿಂತಿದ್ದ ರಿಬ್ಬನ್ ಕಡೆಯವನು. "ನಾಳೆ ಭಾಷಣ ಮಾಡೋರು."

"ಮೇಡಂ, ನಿಮ್ಮ ಮುಖ ನೋಡಿಕೊಂಡೇ ಓದಬೇಕು ಅಂತ ಇದೆಯಾ?" ಎಂದೆ ನಾನು.

ಅವಳು ನಿಯಮದ ಪುಸ್ತಕ ತೆರೆದು ಸಾಲಿನ ಮೇಲೆ ಬೆರಳಾಡಿಸಿದಳು. "ನನ್ನ ಸಮ್ಮುಖದಲ್ಲಿ ಅಂತಿದೆ. ಮುಖ ನೋಡಬೇಕು ಅಂತೇನೂ ಇಲ್ಲ."

ಅಪ್ಪನ ಕುರ್ಚಿಯನ್ನು ಹಿಂದಕ್ಕೆ ತಿರುಗಿಸಿದೆ. ಎದುರಿಗೆ ಸ್ಟೀಲ್ ಬೀರು. ಅವನು ಬೀರುವಿಗೆ ಪ್ರಮಾಣವಚನವನ್ನು ಒಂದು ಕಡೆಯೂ ತಡವರಿಸದೆ ಓದಿದ. ಎರಡೂ ಐವತ್ತಾರಕ್ಕೆ ಮೊಹರು ಬಿತ್ತು.

ಕಾರಿಡಾರಿನಲ್ಲಿ ಜನ ಕೈ ಕುಲುಕಲು ಬಂದರು. ಯಾರೋ ಕೇಳಿದ ಸ್ಪ್ಯಾನರ್ ಕೊಡುವವನ ಹಾಗೆ ಅಪ್ಪ ಒಬ್ಬೊಬ್ಬರಿಗೂ ಕೈ ಕೊಟ್ಟ. ಅವನ ಅಂಗಿಯ ಕಾಲರ್ ಒದ್ದೆಯಾಗಿತ್ತು.

"ನಾಳೆಯಿಂದ ಮನೆ ಮನೆಗೆ," ಪ್ರೆಸ್ಸಿನವರು ಅವನ ಬೆನ್ನು ತಟ್ಟಿದರು. "ಹದಿನೆಂಟು ದಿನ. ಒಬ್ಬೊಬ್ಬರನ್ನೂ ಎದುರಿಗೇ ಮಾತಾಡಿಸಬೇಕು, ತಿಳೀತಾ?"

ಅವರು ಕರಪತ್ರದ ಪ್ರೂಫ್ ತರಲು ಹೋದರು. ಅಪ್ಪ ಮೆಟ್ಟಿಲ ಬಳಿ, ಸೂಚನಾ ಫಲಕಕ್ಕೆ ಬೆನ್ನು ಮಾಡಿ ನಿಂತ. ನನ್ನ ಮುಖ ನೋಡಿದ. ನೇರವಾಗಿ, ಕಣ್ಣಿಗೆ ಕಣ್ಣಿಟ್ಟು. ಹಾಗೆ ನೋಡಲು ಅವನಿಗೆ ಎಷ್ಟು ಕಷ್ಟವಾಗುತ್ತಿದೆ ಎಂದು ಕಾಣುತ್ತಿತ್ತು.

"ಇದನ್ನ ವಾಪಸ್ ತಗೊಳ್ಳೋಕೆ ಆಗುತ್ತಾ ಮಗಳೇ?"

ಅವನ ಭುಜದ ಮೇಲಿಂದ ಫಲಕ ಕಾಣುತ್ತಿತ್ತು. ನಾಮಪತ್ರ ಹಿಂಪಡೆಯಲು ಕೊನೆಯ ದಿನ ಶುಕ್ರವಾರ, ಮಧ್ಯಾಹ್ನ ಮೂರು ಗಂಟೆ. ಕೆಂಪು ಅಕ್ಷರ.

"ಇಲ್ಲಪ್ಪ," ಎಂದೆ. "ಒಂದು ಸಲ ಕೊಟ್ಟರೆ ಮುಗೀತು."

"ಹೌದಾ," ಎಂದ. ನನ್ನ ಮಾತನ್ನು ನಂಬಿ ಮೆಟ್ಟಿಲ ಕಡೆ ತಿರುಗಿದ. ನಾನು ಅವನಿಗೂ ಫಲಕಕ್ಕೂ ನಡುವೆ ನಡೆದೆ.